ಅಡಿಸ್ ಅಬಾಬಾದ ಬೀಗತಿ

ಸಂಶಯ ಪಡೋದು ನನ್ನ ಹುಟ್ಟುಗುಣರೀ. ಹ್ಯೂಸ್ಟನ್ ಬಾಜೂಕಿನ ಮಿಸೌರಿ ಸಿಟಿಯೊಳಗ ನಾವು ಗಂಡ-ಹೆಂಡ್ತಿ ಬಟ್ಟಿ ಅಂಗಡಿ ಇಟ್ಟು ಬದುಕಿದವರು. ರೇಷ್ಮಿ ಅಂತ ಯಾರರೆ ತಂದು ತೋರಿಸಿದ್ರ, ಒಂದು ಎಳಿ ಕಿತ್ತು ಸುಟ್ಟು ವಾಸನಿ ನೋಡಿದ ಮ್ಯಾಲೇ ನಾನು ಹೂಂ ಅನ್ನಾಕಿ. ಅಂಥಾಕಿ ಮುಂದ ನಮ್ಮ ಒಬ್ಬಾಕಿ ಮಗಳು ಇಥಿಯೋಪಿಯಾದ ಹುಡುಗನ್ನ ತಂದು ನಿಲ್ಲಿಸಿ, ಇವನ್ನ ಮದುವಿ ಆಗ್ತೀನಿ ಅಂದಳು.

ಹ್ಯೂಸ್ಟನ್ನಿನ ಆಸ್ಪತ್ರಿಯೊಳಗ ಇಬ್ಬರೂ ಕೂಡೇ ಕೆಲಸ ಮಾಡತಿದ್ರು. ಹುಡುಗ ಎತ್ತರದಾಂವ, ಮಿದು ಮಾತು. ಮಿದು ಮಾತಿನವರನ್ನ ಕಂಡ್ರ ನನಗ ಇನ್ನಷ್ಟು ಅನುಮಾನ. ನಮ್ಮ ಯಜಮಾನ್ರು ಎರಡ ಭೇಟಿಗೆ ಬೆಣ್ಣಿ ಕರಗಿದ್ಹಂಗ ಕರಗಿಬಿಟ್ರು. ನಾನು ಜಗ್ಗಲಿಲ್ಲ. ಆಗ ಮಗಳು ಖಡಾಖಂಡಿತ ಹೇಳಿದಳು: "ಇಬ್ಬರು ತಾಯಂದ್ರೂ ಓಕೆ ಅಂದ್ರೆ ಮದುವೆ. ಒಬ್ಬರು ನೋ ಅಂದ್ರೂ ನಾನು ಅವನನ್ನ ಬಿಡ್ತೀನಿ, ಈ ಊರನ್ನೂ ಬಿಡ್ತೀನಿ." ಆಸ್ಟಿನ್ ಆಚೆ ಲಿಯಾಂಡರ್‌ನಾಗ ಆಕಿ ಕೆಲಸಾ, ಮನಿ ಎರಡೂ ನೋಡಿಟ್ಟದ್ದು ನನ್ನ ಕಿವಿಗೆ ಬಿದ್ದಿತ್ತು. ಹಟದಾಗ ಆಕಿ ನನ್ನ ಮಗಳೇ. ಹೋದಳಂದ್ರ ದೀಪಾವಳಿಗೂ ಬರಾಕಿ ಅಲ್ಲ.

ಹುಡುಗನ ತಾಯಿ ಡಲ್ಲಾಸ್‌ನಾಗ. ಗಂಡ ತೀರಿಕೊಂಡಾನ, ಮಗ ಒಬ್ಬನೇ. ಒಂದು ಶನಿವಾರ ಮುಂಜಾನೆ ನಾವು ನಾಲ್ಕೂ ಮಂದಿ ಹೊಂಟ್ವಿ. ಹುಡುಗನೇ ಡ್ರೈವ್ ಮಾಡಾಕತ್ತಿದ್ದ. ನಾನು ಹಿಂದಿನ ಸೀಟಿನಾಗ ಕೂತು ವಿಚಾರಣಿ ಶುರು ಮಾಡಿದೆ. ಹೆಣ್ಣು ಕೊಡೋ ದೇಶ ಎಂಥಾದ್ದು ಅಂತ ತಿಳೀಬೇಕಲ್ಲ?

"ಸಮುದ್ರ ಯಾವ ದಿಕ್ಕಿಗೈತಿ?" ಅಂದೆ. ಇಲ್ಲ ಆಂಟಿ, ಅಂದ. ಮೊದಲಿತ್ತಂತ. ದಂಡಿಮ್ಯಾಗಿನ ಸೀಮಿ ಬ್ಯಾರೆ ದೇಶ ಆದ ಮ್ಯಾಲೆ ಇವರಿಗೆ ಬಂದರ ಇಲ್ಲ, ಸಾಮಾನೆಲ್ಲಾ ನೆರೆಯವರ ಬಾಗಿಲಿನಿಂದ ಬರಬೇಕು. ಬಿಸಿಲು ಸುಡೋ ದೇಶ ಅಂತ ನಾನು ತಿಳಿದಿದ್ದೆ. ಅವರ ರಾಜಧಾನಿ ಅಡಿಸ್ ಅಬಾಬಾ ಬೆಟ್ಟದ ಮ್ಯಾಲೈತಿ, ಸಂಜಿಮುಂದ ಸ್ವೆಟರ್ ಬೇಕು ಅಂದ. ನೈಲ್ ನದಿಯ ದೊಡ್ಡ ಕವಲು ಅವರ ಸರೋವರದಿಂದನ ಹರೀತೈತಿ. ಅದಕ್ಕ ಅಣೆಕಟ್ಟು ಕಟ್ಟ್ಯಾರಂತ, ಕೆಳಗಿನ ದೇಶದವರು ಸಿಟ್ಟಾಗ್ಯಾರಂತ. ಮಹದಾಯಿ ನೀರಿಗೆ ಹುಬ್ಬಳ್ಳಿ ಬಂದ್ ಆದದ್ದು ಕಂಡ ಜನ ನಾವು. ಆ ಮಾತು ಸ್ವಲ್ಪ ಹಿಡಿಸ್ತು, ಆದ್ರ ಮಾರಿಮ್ಯಾಲೆ ತೋರಿಸಲಿಲ್ಲ.

"ಆಳೋರು ಯಾರು?" ಪ್ರಧಾನಿ ಅಂದ. ರಾಷ್ಟ್ರಪತಿ ಇದ್ದಾರ, ಆದ್ರ ಸಮಾರಂಭಕ್ಕ. ಜನಾಂಗ, ಭಾಷೆ ನೋಡಿ ರಾಜ್ಯ ಹಂಚ್ಯಾರ. "ನಮ್ಮಂಗನ ಆತಲ್ಲ," ಅಂದ್ರು ಯಜಮಾನ್ರು. "ನಮ್ಮ ರಾಜ್ಯ ರಾಜ್ಯದ ನಡುವ ಯುದ್ಧ ಆಗಿಲ್ಲ," ಅಂದೆ ನಾನು. ಈಚೆಗೆ ಅವರ ಉತ್ತರ ಭಾಗದಾಗ ಯುದ್ಧ ಆಗಿದ್ದು ಫೋನಿನಾಗ ಓದಿಕೊಂಡು ಬಂದಿದ್ದೆ. ಹುಡುಗ ರಸ್ತೆ ನೋಡಕೋತ, "ಅಲ್ಲಿ ನಮ್ಮ ಸೋದರಮಾವ ಇದ್ರು," ಅಂದ. ಇದ್ರು ಅಂದದ್ದು ನನಗ ಕೇಳಿಸಿತು. ಆದ್ರೂ ಮುಂದಿನ ಪ್ರಶ್ನೆ ಕೇಳಿದೆ.

ಕಾಫಿ, ಎಳ್ಳು, ಹೂವು ಪರದೇಶಕ್ಕ ಕಳಸ್ತಾರಂತ. ಮಂದಿಯೊಳಗ ಹೆಚ್ಚಿನವರು ಒಕ್ಕಲುತನದವರು, ತುಟ್ಟಿ ವಿಪರೀತ. "ಕಾಫಿ ಹುಟ್ಟಿದ ನಾಡು ಬಿಟ್ಟು ಇಲ್ಲಿಗೆ ಯಾಕ ಬಂದ್ರಿ?" ಅಂದೆ. "ನೀವು ಯಾಕೆ ಬಂದ್ರಿ ಆಂಟಿ?" ಅಂದ, ನಕ್ಕೋತ. ಅವರ ವರ್ಷಕ್ಕ ಹದಿಮೂರು ತಿಂಗಳಂತ, ಇಸ್ವಿ ನಮಗಿಂತ ಏಳೆಂಟು ವರ್ಷ ಹಿಂದಂತ. ಹಂಗಾದ್ರ ಇಂವ ಹೇಳಿದ ವಯಸ್ಸು ಯಾವ ಪಂಚಾಂಗದ್ದು ಅಂತ ಡಲ್ಲಾಸ್ ಮುಟ್ಟೋತನಕ ಬೆರಳ ಮಡಿಚಿ ಲೆಕ್ಕ ಹಾಕಿದೆ. ಮಗಳು ಕನ್ನಡಿಯೊಳಗ ನನ್ನ ದುರುಗುಟ್ಟಿ ನೋಡಿದಳು.

ಹುಡುಗನ ತಾಯಿ ಬಾಗಿಲಿಗೇ ಬಂದು ನಿಂತಿದ್ದಳು. ಬಿಳಿ ಹತ್ತಿ ಸೀರಿಯಂಥಾ ಹೊದಿಕಿ, ಅಂಚಿಗೆ ಬಣ್ಣದ ನೇಯ್ಗಿ. ಕೈಮಗ್ಗದ್ದು, ಖೊಟ್ಟಿ ಅಲ್ಲ. ಒಳಗ ಕಾಫಿ ಬೀಜ ಹುರದ ಘಮಘಮ. ಈಸ್ಟರ್‌ಗಿಂತ ಮೊದಲಿನ ಉಪವಾಸದ ದಿನಾ, ಮಾಂಸ, ಹಾಲು, ತುಪ್ಪ ಏನೂ ಮುಟ್ಟೂದಿಲ್ಲ, ಎಲ್ಲಾ ಎಣ್ಣಿದು ಅಂದಳು. ಹೇಳಿದ್ದನ್ನ ನಂಬಿದ್ರ ನಾನು ಯಾಕ ನಾನು? ಕೈ ತೊಳಕೊಳ್ಳೋ ನೆವಕ್ಕ ಅಡಗಿಮನಿಗೆ ಹೋಗಿ ಸೌಟಿನ ವಾಸನಿ ನೋಡಿದೆ. ತಿರುಗಿದ್ರ ಆಕಿ ಬಾಗಿಲದಾಗ ನಿಂತಿದ್ದಳು.

ಬುಟ್ಟಿಯಂಥಾ ಮೇಜಿನ ಮ್ಯಾಲೆ ಒಂದ ದೊಡ್ಡ ತಾಟು. ದ್ವಾಸಿಯಂಥಾ ಹುಳಿ ರೊಟ್ಟಿ ಹಾಸಿ, ಮ್ಯಾಲೆ ಬ್ಯಾಳಿ, ಸೊಪ್ಪು, ಕೆಂಪನ್ನ ಗೊಜ್ಜು. ಎಲ್ಲಾರೂ ಅದರಾಗೇ ಕೈ ಹಾಕಿ ಉಣ್ಣಬೇಕು. ಒಬ್ಬರ ಎಂಜಲು ಇನ್ನೊಬ್ಬರಿಗೆ. ನಾನು ಚೀಲದಿಂದ ನನ್ನ ಡಬ್ಬಿ ತಗದೆ. ಜ್ವಾಳದ ರೊಟ್ಟಿ, ಎಣಗಾಯಿ. "ನನಗ ಪಥ್ಯ ಐತಿ," ಅಂದೆ. ಯಜಮಾನ್ರು ತಲಿ ತಗ್ಗಿಸಿದ್ರು. ಆಕಿ ತುತ್ತು ಕಟ್ಟಿ ನನ್ನ ಮಗಳ ಬಾಯಿಗೆ ಇಟ್ಟಳು, ಯಜಮಾನ್ರಿಗೂ ಇಟ್ಟಳು. ಆಮ್ಯಾಲೆ ನನ್ನ ಕಡೆ ಕೈ ಚಾಚಿದಳು. ಹಿಂಗ ತುತ್ತು ಉಣಿಸೋದು ಅವರೊಳಗ ದೊಡ್ಡ ಪ್ರೀತಿಯಂತ. ನಾನು ಹಿಂದಕ್ಕ ಸರದೆ. ಆ ತುತ್ತು ತಾಟಿಗೆ ವಾಪಸ್ ಹೋತು.

ಆಕಿ ಕೈ ಒರಸಿಕೊಂಡು ಮಗನ ಕಡೆ ತಿರುಗಿ, ನಮಗೂ ತಿಳೀಲಿ ಅಂತ ಇಂಗ್ಲಿಷಿನಾಗೇ ಅಂದಳು. "ಹುಡುಗಿ ಬಾಳ ಒಳ್ಳೇಕಿ. ಆದ್ರ ನಾನು ಒಪ್ಪಲಾರೆ. ತಾಯಿ ನಮ್ಮ ತಾಟಿನಾಗ ಉಣ್ಣಲಿಲ್ಲ."

ಬ್ಯಾಡ ಅನ್ನೋ ಹಕ್ಕು ನನಗೊಬ್ಬಾಕಿಗೇ ಐತಿ ಅಂತ ತಿಳಕೊಂಡಿದ್ದೆ. ತಾಯಿ ಹಂಗ ಮಗಳು, ನೂಲಿನ ಹಂಗ ಸೀರಿ ಅಂತ ಆಕಿನೂ ನನ್ನ ಎಳಿ ಕಿತ್ತು ಸುಟ್ಟು ನೋಡಾಕತ್ತಿದ್ದಳು. ಮಗಳು ಅಳಲಿಲ್ಲ. ಸುಮ್ಮನ ಎದ್ದು ಕಾರಿನ ಕೀಲಿ ಕೇಳಿದಳು. ಆ ದನಿ ಕೇಳಿ ನನಗ ಹೆದರಿಕಿ ಬಂತು, ಖರೇನ ಹೆದರಿಕಿ.

ಆಗ ನೆನಪಾತು, ನಮ್ಮ ಮದುವಿಯೊಳಗ ಭೂಮದ ಊಟ ಅಂತ ಇರ್ತೈತಲ್ಲ. ಮದುಮಕ್ಕಳು, ಎರಡೂ ಕಡಿ ಬೀಗರು ಒಂದ ತಾಟಿನಾಗ ಕೈ ಹಾಕಿ ಉಣ್ಣೋದು. ಅವತ್ತು ಎಂಜಲು ಅನ್ನೋ ಮಾತ ಇಲ್ಲ. ಉಣ್ಣದ ಬೀಗರು ಬೀಗರೇ ಅಲ್ಲ. ಇದನ್ನ ತಿಳಿದಾಕಿ ನಾನು ಡಬ್ಬಿ ತಗದು ಕೂತಿದ್ದೆ.

ಡಬ್ಬಿ ಸರಿಸಿ ತಾಟಿಗೆ ಕೈ ಚಾಚಿದೆ. ಆಕಿ ನನ್ನ ಮಣಿಕಟ್ಟು ಹಿಡದಳು.

"ಮೊದಲು ಹೇಳ್ರಿ. ನಾಳೆ ನನ್ನ ಮಗ ಇಂಡಿಯಾದಾಗಿನ ನಿಮ್ಮೂರಿಗೆ ಹೋದ್ರ, ನಿಮ್ಮ ಅಣ್ಣ-ತಮ್ಮಂದ್ರ ಮನಿಯೊಳಗ ಅವನ್ನ ಎಲ್ಲಿ ಕೂಡಸಿ ಉಣಸ್ತಾರ?"

ಸುಳ್ಳು ನಾಲಿಗಿ ತುದಿಗೆ ಬಂದಿತ್ತು. ಮಗಳು ಬಾಗಿಲದಾಗ ನಿಂತು ಕೇಳಾಕತ್ತಿದ್ದಳು.

"ಗೊತ್ತಿಲ್ಲ," ಅಂದೆ. "ಒಳಗ ಕೂಡಸ್ತಾರೋ ಹೊರಗ ಕೂಡಸ್ತಾರೋ, ನನಗ ಗೊತ್ತಿಲ್ಲ. ಹೊರಗ ಕೂಡಸಿದ್ರ ನಾನೂ ಅವನ ಬಾಜೂಕ ಕೂತು ಉಣ್ತೀನಿ."

ಆಕಿ ನನ್ನ ಮಾತು ನಂಬಿದಳೋ ಇಲ್ಲೋ ತಿಳೀಲಿಲ್ಲ. ಆಕಿ ಜಾಗಾದಾಗ ನಾನಿದ್ದಿದ್ರ ನಂಬ್ತಿರಲಿಲ್ಲ. ಆಕಿ ಮಣಿಕಟ್ಟು ಬಿಟ್ಟು, ಒಂದು ತುತ್ತು ಕಟ್ಟಿ, ಬಾಯಿ ತಗೀರಿ ಅಂದಳು.