ಅವಧಿ ಮೀರಿದ ಭರಣಿ

ಮೂವತ್ತೆರಡು ವರ್ಷ ನರ್ಸಬಾಯಿಯಾಗಿದ್ದ ನಾಗರತ್ನಾ, ನಿವೃತ್ತಿಯಾದ ಮರುದಿನವೇ ಸ್ವಂತ ಅಡುಗೆಮನೆಯ ಮೇಲೆ ದಂಡೆತ್ತಿ ಹೋದಳು.

ಅವಳೇನು ಸಾಮಾನ್ಯಳಲ್ಲ. ಸಾಲಹಳ್ಳಿಯಲ್ಲಿ ಕೆಲಸಕ್ಕೆ ಸೇರಿ, ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬು ಕಡಿಯುವವರ ಗುಡಿಸಲು ಗುಡಿಸಲು ತಿರುಗಿ ಪೋಲಿಯೊ ಹನಿ ಹಾಕಿ, ಕೊನೆಗೆ ನೇಸರಗಿಯಲ್ಲಿ ನೆಲೆ ನಿಂತವಳು. ಅವಳ ಸೂಜಿ ಕಾಣದ ತೋಳು ಮನೆಯಿದ್ದ ಓಣಿಯಲ್ಲಿರಲಿಲ್ಲ. ಅವಳು ಬಡಿದ ರೊಟ್ಟಿ ಕಂಡ ಬಾಯಿಯೂ ಇರಲಿಲ್ಲ. ಅಷ್ಟೂ ವರ್ಷ ರೊಟ್ಟಿ ಬಡಿದು, ಬುತ್ತಿ ಕಟ್ಟಿ ಕಳಿಸಿದವಳು ಅತ್ತೆ ಸೋಮವ್ವ. ಈಗ ಎಂಬತ್ತನಾಲ್ಕರ ಅತ್ತೆ ಕುಳಿತು ಉಣ್ಣಬೇಕು, ತಾನು ಮಾಡಿ ಬಡಿಸಬೇಕು. ಇದು ನಾಗರತ್ನಾಳ ಶಪಥ.

ಸೋಮವ್ವ ಮಗಳನ್ನು ನೋಡಲು ಸವದತ್ತಿಗೆ ಹೋದ ಎರಡು ದಿನ ಸೊಸೆಗೆ ಸಾಕಾಯಿತು. ಲಸಿಕೆಯ ಫ್ರಿಜ್ಜಿಗಿದ್ದ ಕಾನೂನೇ ಅಡುಗೆಮನೆಗೂ ಬಂತು. ಪ್ರತಿ ಡಬ್ಬಿಗೆ ಒಂದು ಚೀಟಿ, ಚೀಟಿಯ ಮೇಲೆ ತಯಾರಾದ ದಿನ, ಅವಧಿ ಮುಗಿಯುವ ದಿನ. ಹುಟ್ಟು ಗೊತ್ತಿಲ್ಲದ ಮಸಾಲೆ, ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ, ಎಲ್ಲವೂ ಪಂಚಾಯಿತಿಯ ಕಸದ ಗಾಡಿ ಏರಿದವು. ಚಹಾ ಕೇಳಲು ಬಂದ ಗಂಡ ಸಿದ್ಧಾರೂಢ ತನ್ನ ತಯಾರಿಕೆಯ ವರ್ಷ ನೆನಪಾಗಿ, ಸದ್ದಿಲ್ಲದೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತ.

ಮೂರನೆಯ ದಿನ ಸೋಮವ್ವ ಬಂದಳು. ಮೊದಲ ರೊಟ್ಟಿ ರಾಮದುರ್ಗ ತಾಲೂಕಿನ ನಕಾಶೆಯಂತಾದರೂ ಎಂಟನೆಯದು ಹುಣ್ಣಿಮೆಯ ಚಂದ್ರನಂತೆ ಉಬ್ಬಿತ್ತು. ಆ ಚಂದ್ರನನ್ನೇ ನಾಗರತ್ನಾ ಅತ್ತೆಯ ತಾಟಿಗೆ ಹಾಕಿದಳು. ಪಕ್ಕದಲ್ಲಿ ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳು ಪಲ್ಯ.

"ಕರೀ ಲಿಂಬಿಕಾಯಿ ಎಲ್ಲೈತಿ?" ತಾಟಿನಲ್ಲಿ ಉಪ್ಪಿನಕಾಯಿ ಹುಡುಕುತ್ತ ಸೋಮವ್ವ ಕೇಳಿದಳು.

"ಮೂಲ್ಯಾಗಿನ ಭರಣಿದೇನ್ರಿ ಅತ್ತಿ? ಅದು ಕೆಟ್ಟು ಡಾಂಬರ ಆಗಿತ್ರಿ. ಚೆಲ್ಲಿ, ಭರಣಿ ತೊಳದಿಟ್ಟೇನಿ."

ಸೋಮವ್ವ ಮುರಿದ ತುತ್ತನ್ನು ಕೆಳಗಿಟ್ಟಳು.

"ನೀ ನೌಕರಿ ಹಿಡದ ವರ್ಷ ಹಾಕಿದ್ದದು, ವರ್ಷಾ ಹೊಸಾ ಹೋಳ ಕೂಡಸ್ಕೋತ ಬಂದದ್ದು. ಸಾಲಹಳ್ಳಿ ಬಸ್ಸಿನ್ಯಾಗ ನಿನಗ ಹೊಟ್ಟಿ ತೊಳಸತಿತ್ತಲ್ಲ, ಅದಕ್ಕ ದಿನಾ ಬುತ್ತ್ಯಾಗ ಒಂದ ಹೋಳ ಇಡತಿದ್ದೆ. ಕರ್ರಗಾದಷ್ಟೂ ಔಷಧ ಅದು. ಓಣಿ ಮಂದಿ ಎಲ್ಲಾ ಬಾಟ್ಲಿ ತಂದ ಒಯ್ಯತಾರ. ಇಷ್ಟ ಗೊತ್ತಿಲ್ಲೇನ ನರ್ಸಬಾಯಿಗೆ?"

ಹೋಳನ್ನು ನಾಗರತ್ನಾ ದಿನವೂ ಚಪ್ಪರಿಸಿದ್ದಳು. ಅದು ಬರುತ್ತಿದ್ದ ಭರಣಿಯನ್ನು ಈ ಎರಡು ದಿನದ ಮೊದಲು ಒಮ್ಮೆಯೂ ನೋಡಿರಲಿಲ್ಲ.

"ಹಸಿವಿಲ್ಲ ನನಗ," ಎಂದು ಸೋಮವ್ವ ತಾಟು ಸರಿಸಿದಳು.

ಅತ್ತೆಯ ಒಂದು ಮಾತು ನಾಗರತ್ನಾಳ ಕಿವಿಯಲ್ಲೇ ಉಳಿದಿತ್ತು: ಓಣಿ ಮಂದಿ ಬಾಟ್ಲಿ ತಂದು ಒಯ್ಯುತ್ತಾರೆ. ಅಂದಮೇಲೆ ಎಲ್ಲಾದರೂ ಉಳಿದಿರಲೇಬೇಕು. ಅವಳು ಕೊಡೆ ತೆಗೆದುಕೊಂಡಳು, ಹಳೆಯ ಚೀಲ ಹೆಗಲಿಗೇರಿಸಿದಳು, ತೊಳೆದ ಭರಣಿಯನ್ನು ಅದರೊಳಗಿಟ್ಟಳು. ಗುರುವಾರದ ಲಸಿಕೆಗೆ ಹೊರಡುತ್ತಿದ್ದ ಅದೇ ನಡಿಗೆ.

ಮೊದಲ ಮನೆಯ ಬಾಗಿಲಲ್ಲಿ ಮೀಸೆ ತಿರುವುತ್ತಿದ್ದ ಸತ್ಯಪ್ಪ, ಅವಳನ್ನು ಕಂಡದ್ದೇ ತಡ, ಎಡತೋಳು ಮುಚ್ಚಿಕೊಂಡ.

"ಬಾಯಾರ, ನಂದೆಲ್ಲಾ ಮುಗದಾವ್ರಿ!"

"ಸೂಜಿ ಅಲ್ಲೋ, ಲಿಂಬಿಕಾಯಿ! ನಮ್ಮ ಅತ್ತಿ ಕೊಟ್ಟದ್ದು ಎಷ್ಟ ಉಳದೈತಿ?"

"ಒಂದ ಹೋಳೂ ಇಲ್ರೀ."

ಕಾಳಿನ ಚೀಲಗಳ ಹಿಂದೆ ಕೂಸು ಬಚ್ಚಿಟ್ಟು 'ಕೂಸು ಅಜ್ಜಿ ಊರಿಗೆ ಹೋಗೈತ್ರಿ' ಎನ್ನುತ್ತಿದ್ದ ತಾಯಂದಿರನ್ನು ಗೆದ್ದವಳು ಅವಳು. ಕೊಡೆ ಊರಿ ಬಾಗಿಲಲ್ಲೇ ನಿಂತಳು. ಒಳಗಿನಿಂದ ಸತ್ಯಪ್ಪನ ಹೆಂಡತಿ ದುರ್ಗಾ ಬಾಟಲಿ ಹಿಡಿದೇ ಬಂದಳು.

"ಅವರ ಮಾತ ಏನ ಕೇಳ್ತೀರಿ ಬಾಯಾರ! ಎರಡ ಅದಾವ. ಒಂದ ಒಯ್ರಿ, ಒಂದ ನನಗಿರಲಿ. ನನಗೀಗ ನಾಕ ತಿಂಗಳ."

"ಕಬ್ಬಿಣದ ಗುಳಿಗಿ ನುಂಗಾಕ ಹತ್ತೀಯಿಲ್ಲ?" ಎಂದು ಗದರಿಸಿ ನಾಗರತ್ನಾ ಮುಂದಿನ ಮನೆಗೆ ನಡೆದಳು.

ಒಬ್ಬಳು ಚಮಚೆಯಲ್ಲಿ ಕೊಟ್ಟಳು, ಇನ್ನೊಬ್ಬಳು ದೇವರ ಮಾಡದಿಂದ ಇಳಿಸಿ ಕೊಟ್ಟಳು. ಓಣಿ ಮುಗಿಯುವ ಹೊತ್ತಿಗೆ ಭರಣಿಯಲ್ಲಿ ಹತ್ತೊಂಬತ್ತು ಹೋಳು, ಒಂದೊಂದೂ ಕಾಡಿಗೆಗಿಂತ ಕಪ್ಪು. ಬಿಟ್ಟುಹೋದ ಮನೆ ಒಂದೂ ಇಲ್ಲ. ಸೇವೆಯಲ್ಲಿದ್ದಾಗ ಎಷ್ಟೋ ಸಲ ನೂರಕ್ಕೆ ನೂರು ಗುರಿ ಮುಟ್ಟಿದವಳು, ಆದರೆ ಇಷ್ಟು ಎದೆಯುಬ್ಬಿಸಿ ಮನೆಗೆ ಮರಳಿರಲಿಲ್ಲ.

ತಣ್ಣಗಾದ ಚಂದ್ರನನ್ನು ಗಂಡನಿಗೆ ದಾಟಿಸಿ, ಹೊಸ ರೊಟ್ಟಿ ಬಡಿದು, ಅಂಚಿಗೆ ಒಂದು ಹೋಳಿಟ್ಟಳು. ಸೋಮವ್ವ ಚೂರು ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದಳು. ಆಮೇಲೆ ರೊಟ್ಟಿ ಮುರಿದಳು.

"ಅಂಚು ದಪ್ಪ ಆಗೈತಿ," ಎಂದಳು. ಪೂರ್ತಿ ಮುಗಿಸಿ, "ಇನ್ನೊಂದ ಹಾಕು" ಎಂದಳು.

ಎರಡನೆಯದಕ್ಕೆ ಹಿಟ್ಟು ನಾದುವ ಮೊದಲು ನಾಗರತ್ನಾ ಭರಣಿಗೂ ಒಂದು ಚೀಟಿ ಅಂಟಿಸಿದಳು.

"ಏನ ಬರದಿ ಅದರಾಗ?" ಓದು ಬಾರದ ಸೋಮವ್ವ ಕೇಳಿದಳು.

"ಇದಕ್ಕ ನಿವೃತ್ತಿ ಇಲ್ಲ ಅಂತ ಬರದೇನ್ರಿ ಅತ್ತಿ."

ಸೋಮವ್ವ ಬೆರಳು ಚೀಪುತ್ತ ಬೆನ್ನು ನೆಟ್ಟಗೆ ಮಾಡಿದಳು.

"ಹಂಗಾರ ನನಗೂ ಒಂದ ಹಚ್ಚು. ನಾಳಿ ರೊಟ್ಟಿ ನಾ ಬಡೀತೇನಿ, ಅಂಚು ಹೆಂಗಿರಬೇಕ ನೋಡ್ಕೋ."