ಹಾಡಿಗೆ ಅಡ್ಡ ನಿಂತವರು

ಮೊನ್ನೆ ತ್ಯಾಗಲಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಆ ವಾಸನೆಗೆ ಕಾಲು ತಾನಾಗಿ ಅತ್ತ ತಿರುಗಿತು. ಒಣಗಲು ಹಾಕಿದ ಹಪ್ಪಳ ಕದಿಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಎಲ್ಲಿ ಬೇಕಾದರೂ ವಿಚಾರಿಸಿಕೊಳ್ಳಿ. ಎರಡು ಹೆಜ್ಜೆ ಇಟ್ಟಿರಬೇಕು, ತಂಗಿ ಒಳಗಿಂದ ಕೂಗಿದಳು: “ಅಣ್ಣ, ಅಲ್ಲಿ ಅಡ್ಡ ಹೋಗಡ. ಸುತ್ತು ಹಾಕ್ಯಂಡು ಬಾ.”

ಅಡ್ಡ ಹೋಗಲು ಅಲ್ಲಿ ಏನಿತ್ತು? ಒಂದು ಕಲ್ಲು. ಕಲ್ಲಿನ ಮೇಲೆ ಅಂಗೈಗಿಂತ ತುಸು ದೊಡ್ಡ ಕಪ್ಪು ಫಲಕ, ಮೂಡುಗಡೆಯ ಆಕಾಶಕ್ಕೆ ಮುಖ ಮಾಡಿ ಕೂತಿದೆ. ಅದು ಉಪಗ್ರಹ ರೇಡಿಯೋದ ಆಂಟೆನಾ. ರೇಡಿಯೋ ಮೂಕವಾಗಿ ಎಷ್ಟೋ ವರ್ಷವಾಯಿತು. ಫಲಕದ ಮೇಲೆ ಮಾತ್ರ ಒಂದು ಚೂರು ಧೂಳಿಲ್ಲ.

ಇದನ್ನು ಆ ಮನೆಗೆ ಹೊಗಿಸಿದವನು ನಾನೇ. ಆದರೆ ಅದಕ್ಕೂ ಹಿಂದಿನದ್ದನ್ನು ಹೇಳದಿದ್ದರೆ ಭಾವನ ಅನುಮಾನ ನಿಮಗೆ ಅರ್ಥವಾಗುವುದಿಲ್ಲ. ಭಾವ ಅಂದರೆ ಈ ತಂಗಿಯ ಗಂಡ; ಅವನೂ ನನ್ನನ್ನು ಭಾವ ಎಂದೇ ಕರೆಯುವುದು. ಹಾಡಿನ ಹುಚ್ಚ. ತೊಂಬತ್ತರ ದಶಕದಲ್ಲಿ ಮೆಚ್ಚಿನ ಹಾಡು ಕೋರಿ ರೇಡಿಯೋ ನಿಲಯಕ್ಕೆ ಕಾರ್ಡು ಬರೆಯುತ್ತಿದ್ದ. ಕೋರಿದವರ ಹೆಸರು ಓದುವಾಗ ಗರಗರ ಸದ್ದಿನ ನಡುವೆ ಕಿವಿ ಹಚ್ಚಿ ಕೂರುತ್ತಿದ್ದ. ಅವನ ಹೆಸರು ಬರಲೇ ಇಲ್ಲ. ನನಗೆ ಕರುಳು ಚುರಕ್ಕೆಂದಿತು. ನನ್ನ ಕರುಳು ಚುರಕ್ಕೆಂದರೆ ಉಳಿದವರು ಹುಷಾರಾಗಬೇಕು. ನಿಲಯದವರ ಹಾಗೆ ಮೂಗಿನಿಂದ ದನಿ ಹೊರಡಿಸಿ, ತ್ಯಾಗಲಿಯಿಂದ ಕೋರಿದವರು ಎಂದು ಅವನ ಹೆಸರು ಹೇಳಿ, ಹಿಂದೆಯೇ ಹಾಡು ಸೇರಿಸಿ ಒಂದು ಕ್ಯಾಸೆಟ್ ಮಾಡಿದೆ. ಟೇಪ್ ರೆಕಾರ್ಡರನ್ನು ರೇಡಿಯೋದ ಹಿಂದೆ ಅಡಗಿಸಿ, ಕಾರ್ಯಕ್ರಮದ ಹೊತ್ತಿಗೆ ಸರಿಯಾಗಿ ಹಚ್ಚಿದೆ. ಅದನ್ನು ಕೇಳಿ ಭಾವ ನೆರೆಮನೆಯವರನ್ನೆಲ್ಲ ಕರೆದು ಚಾ ಕುಡಿಸಿದ. ಚಾ ಮುಗಿದ ಮೇಲೆ ನಾನು ಕ್ಯಾಸೆಟ್ ಹೊರತೆಗೆದು ತೋರಿಸಿದೆ. ಅಂಥ ಮೂಗಿನ ದನಿ ಇವತ್ತಿಗೂ ಯಾರಿಗೂ ಬರುವುದಿಲ್ಲ ಬಿಡಿ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹುಬ್ಬಳ್ಳಿಯಿಂದ ಈ ಹೊಸ ರೇಡಿಯೋ ತಂದೆ. ಚಂದಾ ಕಟ್ಟಿದರೆ ಹಗಲೂ ರಾತ್ರಿ ಸಂಗೀತ, ನೇರ ಆಕಾಶದಿಂದ. ಭಾವನ ಅಂಗಳದಲ್ಲಿ ಫಲಕ ಇಟ್ಟು ಹಚ್ಚಿದೆ. ಸಿತಾರು ಎದುರಿಗೇ ಕೂತು ನುಡಿಸಿದಷ್ಟು ಸ್ವಚ್ಛ. ಭಾವ ಹುಬ್ಬು ಗಂಟಿಕ್ಕಿದ.

“ಗರಗರ ಇಲ್ದೇ ಹೋದ್ರೆ ಅದು ರೇಡಿಯೋ ಹ್ಯಾಂಗಾತು? ಕ್ಯಾಸೆಟ್ಟು ಎಲ್ಲಿ ಹುಗ್ಸಿಟ್ಟಿದ್ದೆ ಹೇಳು.”

ರೇಡಿಯೋದ ಡಬ್ಬಿ ಮಗುಚಿ ನೋಡಿದ. ಏನೂ ಸಿಗಲಿಲ್ಲ. ವಯರು ಹಿಡಿದು ಫಲಕದವರೆಗೆ ನಡೆದು ಅದರ ಮುಂದೆ ಬಗ್ಗಿದ. ಹಾಡು ನಿಂತಿತು. ಕಳ್ಳನನ್ನು ಹಿಡಿದವನ ಹಾಗೆ ಅವನ ಮುಖ ಅರಳಿತು.

“ನೋಡಿದ್ಯ? ಆನು ಹತ್ರ ಹೋದ ಕೂಡ್ಲೆ ನೀ ನಿಲ್ಸಿದೆ.”

ಉಪಗ್ರಹಕ್ಕೂ ಫಲಕಕ್ಕೂ ನಡುವೆ ಏನೂ ಅಡ್ಡ ಬರಬಾರದು, ಈಗ ಬಂದದ್ದು ನಿನ್ನ ಹೊಟ್ಟೆ ಎಂದೆ. ನಂಬುವ ಮಾತೇ? ನನ್ನನ್ನು ಬಲ್ಲವರಾದರೆ ನೀವೂ ನಂಬುತ್ತಿರಲಿಲ್ಲ. ಕೊನೆಗೆ ಭುಜ ಹಿಡಿದು ಅವನನ್ನು ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿದೆ. ಸಿತಾರು ಮತ್ತೆ ಬಂತು. ಆಗ ನನ್ನನ್ನು ಜಗುಲಿಯಲ್ಲಿ ಎರಡೂ ಕೈ ಮೇಲೆತ್ತಿಸಿ ಕೂರಿಸಿದ, ತಂಗಿಯನ್ನು ಕಾವಲಿಗೆ ಹಾಕಿದ, ತಾನೇ ಅಡ್ಡ ನಿಂತು, ಸರಿದು, ಮತ್ತೆ ನಿಂತು ಪರೀಕ್ಷೆ ಮಾಡಿದ. ನನ್ನ ಕೈ ಸೋತ ಮೇಲೆಯೇ ಅವನ ಅನುಮಾನ ಸೋತದ್ದು.

ರೇಡಿಯೋ ಅಲ್ಲೇ ಉಳಿಯಿತು. ಸಂಜೆಯಾದರೆ ಭಾವ ಯಮನ್ ರಾಗ ಕೇಳುತ್ತ ಕಣ್ಣು ಮುಚ್ಚಿ ಕೂರುತ್ತಿದ್ದ. ತಂಗಿ ಹಾಲಿನ ತಂಬಿಗೆ ಹಿಡಿದು ಸುತ್ತು ದಾರಿಯಲ್ಲಿ ಬರಬೇಕು. ಅಡ್ಡ ಬಂದರೆ ಬೆಕ್ಕಿಗೂ ಬೈಗುಳ.

ಒಂದು ದಿನ, ಆ ರೇಡಿಯೋ ನಡೆಸುವ ಕಂಪನಿ ಬಾಗಿಲು ಹಾಕುತ್ತದೆ ಎಂದು ಪೇಪರಿನಲ್ಲಿ ಬಂತು. ಫೋನು ಮಾಡಿ ಹೇಳಿದೆ. ಭಾವ ನಕ್ಕ. “ನಿನ್ನ ಆಟ ಯಂಗೆ ಗೊತ್ತಿಲ್ಯ ಭಾವ?”

ಪೇಪರು ಹೇಳಿದಂತೆಯೇ ಹಾಡು ನಿಂತಿತು. ನಾನು ತ್ಯಾಗಲಿಗೆ ಹೋದಾಗ ಭಾವ ಅಂಗಳದಲ್ಲಿದ್ದ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ. ನನ್ನನ್ನು ನೋಡಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಡಬ್ಬಿಯತ್ತ ಕಿವಿ ಕೊಟ್ಟ. ಇನ್ನೊಂದು ಹೆಜ್ಜೆ ಸರಿದ. ಕೊಟ್ಟಿಗೆಯ ಗೋಡೆಗೆ ಬೆನ್ನು ತಾಗುವವರೆಗೆ ಸರಿದು, ಮೆಲ್ಲಗೆ ಹೇಳಿದ:

“ಸಾಕು ಭಾವ. ಚಾ ಮಾಡ್ಸ್ತೆ. ಚಾಲು ಮಾಡು.”

ನನ್ನ ಕೈಯಲ್ಲಿಲ್ಲ ಎಂದು ಆಣೆ ಮಾಡಬಹುದಿತ್ತು, ಆದರೆ ನನ್ನ ಆಣೆಗೆ ಆ ಮನೆಯಲ್ಲಿ ಏನು ಬೆಲೆ? ಮತ್ತೆ, ಆಟ ನನ್ನದಾದರೆ ಎಂದೋ ಒಂದು ದಿನ ಮುಗಿದು ಹಾಡು ಬರುತ್ತದೆ. ಕಂಪನಿಯದ್ದಾದರೆ ಬರುವುದೇ ಇಲ್ಲ. “ತಡಿ, ಮಾಡ್ತೆ” ಎಂದುಬಿಟ್ಟೆ. ಆಕಾಶದ ಉಪಗ್ರಹವನ್ನೇ ನಿಲ್ಲಿಸಿದವನೆಂಬ ಕೀರ್ತಿ ಈ ಘಟ್ಟದ ಮೇಲೆ ಇನ್ಯಾರಿಗಿದೆ ಹೇಳಿ.

ಮೊನ್ನೆಯೂ ಭಾವ ಜಗುಲಿಯಲ್ಲಿ ಕೂತು ನೋಡುತ್ತಿದ್ದ. ನನ್ನ ಮುಖವನ್ನಲ್ಲ, ಕೈಯನ್ನು. ನಾನು ಹಪ್ಪಳದ ಆಸೆ ಬಿಟ್ಟು ಸುತ್ತು ಹಾಕಿದೆ. ಕೊಟ್ಟಿಗೆಯ ಗೋಡೆಯ ಹತ್ತಿರ ಕಾಲು ನಿಂತಿತು. ಯಾಕೋ ಮೂಡುಗಡೆ ನೋಡಿದೆ. ಫಲಕದಿಂದ ನಾನು ದೂರವೇ ಇದ್ದೆ.

ಆದರೂ ಇನ್ನೊಂದು ಹೆಜ್ಜೆ ಸರಿದು ನಿಂತೆ.