ಬಾಗಿಲಿಗೆ ನಂಬರ್ ಬಿದ್ದ ದಿನ

ಐರ್ಲೆಂಡಿನ ಮನೆ ಮಾಲೀಕನೊಬ್ಬನನ್ನು ನಮ್ಮ ಚಿಕ್ಕಿ, ಅಂದರೆ ಚಿಕ್ಕಮ್ಮ, ಇವತ್ತು ನಮ್ಮೂರು ಬಿಜೂರಿನಲ್ಲಿ ಕೂತೇ ವಿಚಾರಣೆ ಮಾಡಿದರು ಮಾರಾಯ್ರೆ. ಬರುವ ತಿಂಗಳು ನರ್ಸ್ ಕೆಲಸಕ್ಕೆ ಅಲ್ಲಿಗೆ ಹೊರಟವಳು ನಾನು. ಹೋಗುವ ಮೊದಲೇ ಅಲ್ಲಿನ ವಿಳಾಸ ಕೊಡಬೇಕಂತೆ, ಅದಕ್ಕೆ ಒಂದು ಬಾಡಿಗೆ ಕೋಣೆ ನೋಡಿದ್ದೆ.

ಚಿಕ್ಕಿ ಮೀನು ಮಾರುವವರು. ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ಬುಟ್ಟಿಗೆ ಹಾಕಿಕೊಂಡವರಲ್ಲ. ವಿಡಿಯೋ ಕಾಲ್ ಶುರುವಾದದ್ದೇ, "ಫೋಟೊ ಯಾರ್ ಬೇಕಾರೂ ಕಳ್ಸುಕ್ ಆತ್ತ್. ನಲ್ಲಿ ಬಿಡುಕ್ ಹೇಳ್, ನೀರ್ ಬತ್ತಾ ಇಲ್ಯಾ ಕಾಂಬ" ಎಂದರು. ಅವನು ನಲ್ಲಿ ಬಿಟ್ಟ. "ಹೊರ್ಗೆ ಹೋಪುಕೆ ಹೇಳ್, ಮನಿ ನಂಬ್ರ ತೋರ್ಸಲಿ." ಅದನ್ನೂ ತೋರಿಸಿದ. "ಹೇಳಿದ್ದೆಲ್ಲ ಮಾಡ್ತ ಅಂದ್ರೆ ಎಂತದೋ ಇತ್ತ್" ಎಂದು ಚಿಕ್ಕಿಗೆ ಇನ್ನಷ್ಟು ಸಂಶಯ.

ಆಮೇಲೆ ಅವನ ಸರದಿ. ನನ್ನ ಅರ್ಜಿ ನೋಡುತ್ತಾ ಕೇಳಿದ: "ನಿಮ್ಮ ವಿಳಾಸದಲ್ಲಿ ಮನೆ ನಂಬರೂ ಇಲ್ಲ, ರಸ್ತೆಯ ಹೆಸರೂ ಇಲ್ಲ. ಅಶ್ವತ್ಥಕಟ್ಟೆಯ ಹಿಂದೆ ಎಂದು ಬರೆದಿದ್ದೀರಿ. ಮ್ಯಾಪಿನಲ್ಲಿ ಬರೀ ಗದ್ದೆ ಕಾಣುತ್ತಿದೆ. ನೀವು ನಿಜವಾಗಿ ಅಲ್ಲೇ ಇದ್ದೀರಾ?"

ಚಿಕ್ಕಿಗೆ ಹೇಳಿದೆ. "ಪೋಸ್ಟಿನಂವ ಕಣ್ ಮುಚ್ಕಂಡ್ ಬತ್ತ, ಇವ್ನಿಗೆ ನಂಬ್ರ ಬೇಕಾ?" ಎಂದು ಎದ್ದು ಹೋದರು. ಎರಡು ನಿಮಿಷದಲ್ಲಿ ಅಂಗಳದಿಂದ ಕರೆದರು. "ಹ್ವಾಯ್, ಫೋನ್ ತಕಂಡ್ ಬಾ." ಹೋಗಿ ನೋಡಿದರೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ೧೨ ಎಂದು ಬರೆದಿದೆ. ಸುತ್ತ ಹನ್ನೊಂದು ಮನೆ ಹಾಗಿರಲಿ, ಎರಡನೇ ಮನೆಯೂ ಇಲ್ಲ. ಕೆಳಗೆ ಇಂಗ್ಲಿಷ್ ಅಂಕಿಯಲ್ಲಿ ನಾನೇ ಇನ್ನೊಮ್ಮೆ ಬರೆದು ತೋರಿಸಿದೆ.

ಅವನಿಗೆ ಸಮಾಧಾನವಾಯಿತು, ಕೋಣೆ ಸಿಕ್ಕಿತು. ಕೈಯ ಸುಣ್ಣ ಒರೆಸಿಕೊಳ್ಳುತ್ತಾ ಚಿಕ್ಕಿ ಮಾತ್ರ ಸಣ್ಣ ದನಿಯಲ್ಲಿ ಕೇಳಿದರು:

"ಅಂವ ತೋರ್ಸಿದ್ ನಂಬ್ರವೂ ಹೀಂಗೇ ಬರ್ದದ್ದಾ ಎಂತ?"